ಡೇಟ್ ಹತ್ತಿರ ಬಂದಾಗ ಏಳುವ ಮೊಡವೆ

ನಮ್ಮ ಮನೆಗಳಲ್ಲಿ ಹುಡುಗಿಯ ಮುಖದ ಮೇಲೆ ಮೊಡವೆ ಕಂಡರೆ ಸಾಕು, ಮೊದಲು ಬರುವ ಮಾತು ‘ಉಷ್ಣ ಆಗಿದೆ’. ಎಳನೀರು ಕುಡಿ, ಮೆಂತ್ಯ ನೆನೆಸಿ ತಿನ್ನು, ನೆತ್ತಿಗೆ ಹರಳೆಣ್ಣೆ ಹಚ್ಚು ಅಂತ ಶುರುವಾಗುತ್ತೆ. ಎರಡನೇ ಮಾತು ‘ನೀನು ಮುಖಾನೇ ಸರಿಯಾಗಿ ತೊಳೆಯಲ್ಲ’. ಮೂರನೇ ಮಾತನ್ನು ಯಾರೂ ಗಟ್ಟಿಯಾಗಿ ಆಡುವುದಿಲ್ಲ. ‘ಡೇಟ್ ಹತ್ತಿರ ಬಂತೇನೋ’ ಅಂತ ಅಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿ ಸುಮ್ಮನಾಗುತ್ತಾಳೆ. ಬಹಳಷ್ಟು ಸಲ ಸರಿಯಾಗಿರೋದು ಈ ಆಡದ ಮಾತೇ.

ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದವಳು ನಾನು ಅನ್ನೋದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ಋತುಚಕ್ರದ ಪಾಠ ಬಂದಾಗ ಬೋರ್ಡಿನ ಮೇಲೆ ಎರಡು ಗುಡ್ಡ ಬರೆಯುತ್ತಿದ್ದೆ, ಒಂದು ಈಸ್ಟ್ರೋಜನ್‌ದು, ಇನ್ನೊಂದು ಪ್ರೊಜೆಸ್ಟರಾನ್‌ದು. ಪರೀಕ್ಷೆಗೆ ಬರುತ್ತೆ ಅಂತ ಹುಡುಗಿಯರು ಗುಡ್ಡವನ್ನು ಚೆನ್ನಾಗಿಯೇ ಬರೆದುಕೊಳ್ಳುತ್ತಿದ್ದರು. ಆದರೆ ಗಲ್ಲದ ಮೇಲಿನ ಮೊಡವೆಗೆ ವೇಲ್ ಅಡ್ಡ ಹಿಡಿದುಕೊಂಡು ಕೂತ ಹುಡುಗಿಗೂ ಆ ಗುಡ್ಡ ತನ್ನದೇ ಅಂತ ಹೊಳೆಯುತ್ತಿರಲಿಲ್ಲ. ಪಠ್ಯಪುಸ್ತಕದಲ್ಲಿ ಗರ್ಭಕೋಶದ ಚಿತ್ರ ಇರುತ್ತೆ, ಮುಖದ ಚಿತ್ರ ಇರಲ್ಲ ನೋಡಿ.

ಆ ಗುಡ್ಡವನ್ನು ಇವತ್ತು ಮುಖದ ಕಡೆಯಿಂದ ನೋಡೋಣ.

ಮುಟ್ಟಾದ ದಿನವೇ ಒಂದನೇ ದಿನ. ಆಗ ಎರಡೂ ಹಾರ್ಮೋನು ತಳದಲ್ಲಿರುತ್ತವೆ. ಚರ್ಮ ಸ್ವಲ್ಪ ಒಣಗಿದ ಹಾಗೆ, ಕಳೆ ಇಲ್ಲದ ಹಾಗೆ ಕಾಣೋದು ಈ ದಿನಗಳಲ್ಲೇ. ಆಮೇಲೆ ಈಸ್ಟ್ರೋಜನ್ ಏರುತ್ತಾ ಹೋಗುತ್ತದೆ. ಚರ್ಮ ನೀರಿನಂಶ ಹಿಡಿದಿಟ್ಟುಕೊಳ್ಳುವುದಕ್ಕೆ, ಬಿಗಿಯಾಗಿರುವುದಕ್ಕೆ ಇದರ ಸಹಾಯ ಬೇಕು. ಎರಡನೇ ವಾರದಲ್ಲಿ ‘ಏನೇ, ಇವತ್ತು ಲಕ್ಷಣವಾಗಿ ಕಾಣ್ತಿದೀಯ’ ಅಂತ ಯಾರಾದರೂ ಅಂದರೆ ಅದರಲ್ಲಿ ಹೊಸ ಕ್ರೀಮಿನ ಪಾಲು ಕಡಿಮೆ, ಈ ಗುಡ್ಡದ ಪಾಲು ಜಾಸ್ತಿ. 28 ದಿನದ ಚಕ್ರವಾದರೆ ಸುಮಾರು 14ನೇ ದಿನಕ್ಕೆ ಅಂಡಾಣು ಹೊರಬರುತ್ತದೆ. ಅಲ್ಲಿಂದ ಪ್ರೊಜೆಸ್ಟರಾನ್ ಏರುತ್ತದೆ, ವಾರದಲ್ಲಿ ತುದಿ ಮುಟ್ಟುತ್ತದೆ. ಗರ್ಭ ನಿಲ್ಲದೇ ಇದ್ದರೆ ಎರಡೂ ಒಟ್ಟಿಗೆ ಕುಸಿಯುತ್ತವೆ, ಮುಟ್ಟಾಗುತ್ತದೆ.

ಮೊಡವೆ ಏಳೋದು ಈ ಕುಸಿಯುವ ವಾರದಲ್ಲಿ. ಹೆಂಗಸರ ಮೈಯಲ್ಲೂ ಟೆಸ್ಟೋಸ್ಟಿರಾನ್ ಇರುತ್ತದೆ. ಅದು ಗಂಡಸರ ಹಾರ್ಮೋನು ಅಂತ ಓದಿ ಓದಿ ನಮಗೆ ಮರೆತುಹೋಗಿದೆ, ಅಷ್ಟೆ. ಅಂಡಾಶಯದಲ್ಲೂ ಅಡ್ರಿನಲ್ ಗ್ರಂಥಿಯಲ್ಲೂ ಸ್ವಲ್ಪ ಸ್ವಲ್ಪ ತಯಾರಾಗುತ್ತದೆ. ಚರ್ಮದ ಎಣ್ಣೆ ಗ್ರಂಥಿಗಳು ಅದರ ಮಾತು ಕೇಳುತ್ತವೆ. ಈಸ್ಟ್ರೋಜನ್ ಇಳಿದಾಗ ಅದರ ಮಾತಿಗೆ ಎದುರಾಡುವವರು ಇಲ್ಲದಂತಾಗಿ ಎಣ್ಣೆ ಹೆಚ್ಚುತ್ತದೆ. ಆ ಎಣ್ಣೆ, ಉದುರಬೇಕಾದ ಚರ್ಮದ ಕಣಗಳು ಸೇರಿ ರಂಧ್ರ ಕಟ್ಟುತ್ತವೆ. ಒಳಗೆ ಮೊದಲಿಂದಲೂ ವಾಸವಿದ್ದ ಬ್ಯಾಕ್ಟೀರಿಯಾಗೆ ಹಬ್ಬ. ಗಲ್ಲ, ದವಡೆಯ ಅಂಚು, ಬಾಯಿಯ ಸುತ್ತ ಒತ್ತಿದರೆ ನೋಯುವ ಆಳದ ಗಂಟು ಎದ್ದರೆ ಅದು ಬಹುತೇಕ ಈ ಜಾತಿಯದು. ಹಣೆಯ ಮೇಲಿನ ಸಣ್ಣ ಸಣ್ಣ ಬೊಕ್ಕೆಗಳ ಕಥೆ ಬೇರೆ. ಅದಕ್ಕೆ ಅನೇಕ ಸಲ ತಲೆಯಿಂದ ಇಳಿದ ಎಣ್ಣೆಯೇ ಕಾರಣ. ಉಷ್ಣ ಇಳೀಲಿ ಅಂತ ಹಚ್ಚಿದ ಹರಳೆಣ್ಣೆಯೂ ಇದರಲ್ಲಿ ಸೇರಿತು.

ಹಾಗಾದರೆ ಉಷ್ಣದ ಮಾತು ಪೂರ್ತಿ ಸುಳ್ಳಾ? ಇಲ್ಲೊಂದು ತಮಾಷೆ ಇದೆ. ಅಂಡಾಣು ಹೊರಬಂದ ಮೇಲೆ ಪ್ರೊಜೆಸ್ಟರಾನ್‌ನಿಂದಾಗಿ ಮೈಯ ಉಷ್ಣಾಂಶ ನಿಜವಾಗಲೂ ಏರುತ್ತದೆ, 0.3ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು. ಮುಟ್ಟಾಗುವ ಹೊತ್ತಿಗೆ ಇಳಿಯುತ್ತದೆ. ಥರ್ಮಾಮೀಟರ್ ಇಲ್ಲದ ಅಜ್ಜಿಯರು ‘ಮೈ ಬಿಸಿ’ ಅಂದಿದ್ದು ಅದಕ್ಕೇ ಇರಬಹುದು ಅಂತ ನನಗೆ ಅನ್ನಿಸುತ್ತೆ. ಆದರೆ ಆ ಬಿಸಿಯಿಂದ ಮೊಡವೆ ಏಳಲ್ಲ. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದ ಪ್ರಯಾಣಿಕರು, ಸಂಬಂಧಿಕರಲ್ಲ. ಎಳನೀರು ಕುಡಿಯಿರಿ, ಒಳ್ಳೆಯದೇ. ಮೊಡವೆಗೆ ಅಂತ ಕುಡಿಯಬೇಡಿ.

ಈಗ ನಾನು ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಈ ತಿಂಗಳ ಮೊಡವೆಗೆ ಒಂದು ಗುಣ ಇದೆ: ಅದು ಬಂದ ಹಾಗೇ ಹೋಗುತ್ತದೆ. ಮುಟ್ಟಾಗಿ ನಾಲ್ಕೈದು ದಿನಕ್ಕೆ ಒಣಗಲು ಶುರುವಾಗಿ, ಎರಡನೇ ವಾರದಲ್ಲಿ ಮುಖ ತಿಳಿಯಾಗುತ್ತದೆ. ನೀವು ಏನು ಹಚ್ಚಿದರೂ ಹೋಗುತ್ತದೆ, ಹಚ್ಚದಿದ್ದರೂ ಹೋಗುತ್ತದೆ. ಹೀಗಾಗಿ ಆ ವಾರ ಯಾರು ಏನು ಹಚ್ಚಿದ್ದರೋ ಅದಕ್ಕೆ ಹೆಸರು. ಟೂತ್‌ಪೇಸ್ಟ್ ಹಚ್ಚಿದವಳು ಟೂತ್‌ಪೇಸ್ಟ್‌ನಿಂದ ಹೋಯ್ತು ಅಂತಾಳೆ, ನಿಂಬೆರಸ ಹಚ್ಚಿದವಳು ನಿಂಬೆರಸದಿಂದ ಹೋಯ್ತು ಅಂತಾಳೆ. ಜಾಯಿಕಾಯಿ ತೇಯ್ದು ಹಚ್ಚಿದ ಚಿಕ್ಕಮ್ಮ ಊರಿಗೆಲ್ಲ ಹೇಳಿಕೊಂಡು ಬರುತ್ತಾರೆ. ಮುಂದಿನ ತಿಂಗಳು ಮೊಡವೆ ಮತ್ತೆ ಬಂದಾಗ ‘ಹೋದ ಸಲ ಹೋಗಿತ್ತಲ್ಲ, ಮತ್ತೆ ಹಚ್ಚು’ ಅಂತ ಶುರು. ಟೂತ್‌ಪೇಸ್ಟ್ ಚರ್ಮವನ್ನು ಉರಿಸುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಕಪ್ಪಾಗಬಹುದು. ಇವೆಲ್ಲ ಹೇಗೋ ತಡೆದುಕೊಳ್ಳಬಹುದಾದ ಹಾನಿಗಳು. ಹೆದರಿಕೆ ಇರೋದು ಮೆಡಿಕಲ್ ಸ್ಟೋರಿನ ಟ್ಯೂಬಿನದು.

ಅರಸೀಕೆರೆ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ. ಅವರ ಒಪ್ಪಿಗೆ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ, ಗುರುತು ಸಿಗುವ ವಿವರ ಬಿಟ್ಟಿದ್ದೇನೆ. ‘ಮೇಡಂ, ಮಗಳಿಗೆ 23 ವರ್ಷ. ಪ್ರತಿ ತಿಂಗಳೂ ಗಲ್ಲದಲ್ಲಿ ಐದಾರು ಮೊಡವೆ ಏಳ್ತಿತ್ತು. ಹುಡುಗನ ಕಡೆಯವರು ನೋಡೋಕೆ ಬರೋರಿದ್ರು, ಅಂಗಡಿಯವರು ಒಂದು ಟ್ಯೂಬ್ ಕೊಟ್ರು. ಮೂರೇ ದಿನಕ್ಕೆ ಮಾಯ, ಮುಖಾನೂ ಬೆಳ್ಳಗಾಯ್ತು. ಎಂಟು ತಿಂಗಳಿಂದ ಅದನ್ನೇ ಹಚ್ತಿದಾಳೆ. ಈಗ ಒಂದು ದಿನ ಬಿಟ್ರೆ ಮುಖ ಕೆಂಪಗಾಗಿ ಉರಿಯುತ್ತೆ, ಮೊಡವೆ ಕೆನ್ನೆಗೂ ಹಬ್ಬಿದೆ, ಸಣ್ಣ ಕೂದಲೂ ಬಂದಿದೆ. ಇನ್ನೂ ಜಾಸ್ತಿ ಹಚ್ಚಬೇಕಾ?’

ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಏನಿದೆ ಅಂತ ಓದಿ ಕಳಿಸಲು ಕೇಳಿದೆ. ಮೂರು ಹೆಸರು ಬಂತು: ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್. ಮೊದಲನೆಯದು ಸ್ಟೀರಾಯ್ಡ್. ಎರಡನೆಯದು ಬಣ್ಣ ತಿಳಿ ಮಾಡುವ ರಾಸಾಯನಿಕ. ಮೂರನೆಯದು ಚರ್ಮದ ಮೇಲ್ಪದರ ಬೇಗ ಬೇಗ ಬದಲಾಗುವಂತೆ ಮಾಡುವ ಔಷಧ. ಇದು ಕಳ್ಳ ಔಷಧವೇನಲ್ಲ. ಬಂಗಿಗೆ ಚರ್ಮವೈದ್ಯರು ಕೆಲವೇ ವಾರಗಳ ಮಟ್ಟಿಗೆ, ಕಣ್ಣಿಟ್ಟು ಬರೆದುಕೊಡುವ ಮಿಶ್ರಣ. ಮೊಡವೆಗೆ ಅಂತ ತಿಂಗಳುಗಟ್ಟಲೆ ಹಚ್ಚುವಂಥದ್ದಲ್ಲ.

ಸ್ಟೀರಾಯ್ಡ್ ಮಾಡೋದು ಇಷ್ಟೇ, ಊತವನ್ನೂ ಕೆಂಪನ್ನೂ ಅದುಮಿ ಕೂರಿಸುತ್ತದೆ. ಮೂರು ದಿನಕ್ಕೆ ಮಾಯವಾಗಿದ್ದು ಅದಕ್ಕೆ. ಜೊತೆಗೆ ತಿಂಗಳ ಲೆಕ್ಕದಲ್ಲಿ ಮೊಡವೆ ಹೋಗುವ ಸಮಯವೂ ಬಂದಿತ್ತು. ಎರಡೂ ಕೂಡಿ ಟ್ಯೂಬಿಗೆ ದೊಡ್ಡ ಹೆಸರು ಬಂತು. ದಿನಾ ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತದೆ, ಸಣ್ಣ ರಕ್ತನಾಳಗಳು ಮೇಲೆ ಕಾಣಿಸುತ್ತವೆ, ಕೂದಲು ಬರುತ್ತದೆ, ಸ್ಟೀರಾಯ್ಡ್‌ನಿಂದಲೇ ಹೊಸ ಮೊಡವೆ ಏಳುತ್ತದೆ. ಬಿಟ್ಟರೆ ಉರಿ. ಉರಿ ತಡೆಯಲಾರದೆ ಮತ್ತೆ ಹಚ್ಚುವುದು. ಇಂಥ ಮುಖಗಳನ್ನು ನೋಡಿ ನೋಡಿ ನಮ್ಮ ದೇಶದ ಚರ್ಮವೈದ್ಯರು ಇದಕ್ಕೆ ‘ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್’ ಅಂತ ಹೆಸರೇ ಇಟ್ಟಿದ್ದಾರೆ. ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾಗದದ ಮೇಲೆ. ‘ಅಣ್ಣಾ, ಮೊಡವೆಗೆ ಒಂದು ಟ್ಯೂಬ್ ಕೊಡಿ’ ಅಂದವರಿಗೆ ಕೌಂಟರಿನಿಂದ ಏನು ಬರುತ್ತೆ ಅನ್ನೋದು ನಿಮಗೂ ಗೊತ್ತು.

ಆ ತಾಯಿಗೆ ಬರೆದದ್ದು ಇದು: ಜಾಸ್ತಿ ಹಚ್ಚುವ ಮಾತೇ ಬೇಡ. ಈ ವಾರವೇ ಚರ್ಮವೈದ್ಯರ ಹತ್ತಿರ ಹೋಗಿ, ಖಾಲಿಯಾಗಿದ್ದರೂ ಟ್ಯೂಬನ್ನು ಡಬ್ಬಿ ಸಮೇತ ತೆಗೆದುಕೊಂಡು ಹೋಗಿ. ಎಷ್ಟು ದಿನ, ದಿನಕ್ಕೆ ಎಷ್ಟು ಸಲ ಹಚ್ಚಿದಳು ಅನ್ನೋದನ್ನು ಮುಚ್ಚಿಡಬೇಡಿ. ಒಂದೇ ಸಲ ನಿಲ್ಲಿಸಬೇಕೋ, ಹಂತ ಹಂತವಾಗಿ ಇಳಿಸಬೇಕೋ ಅನ್ನೋದನ್ನು ಅವರೇ ಹೇಳಬೇಕು. ನಿಲ್ಲಿಸಿದ ಮೇಲೆ ಕೆಲವು ವಾರ, ಕೆಲವರಿಗೆ ತಿಂಗಳುಗಳ ಕಾಲ ಮುಖ ಮೊದಲಿಗಿಂತ ಕೆಟ್ಟದಾಗಿ ಕಾಣಬಹುದು. ಆ ಸಮಯದಲ್ಲಿ ಹುಡುಗಿಯನ್ನು ನೋಡಲು ಯಾರನ್ನೂ ಕರೆಯಬೇಡಿ ಅಂತಲೂ ಸೇರಿಸಿದೆ. ಅಧಿಕಪ್ರಸಂಗ ಅನ್ನಿಸಿದರೂ ಪರವಾಗಿಲ್ಲ. ನೋಡಲು ಬಂದವರು ಗಲ್ಲದ ಮೊಡವೆ ಎಣಿಸುತ್ತಾರೆ ಅಂತ ಭಯಪಟ್ಟೇ ತಾನೇ ಈ ಟ್ಯೂಬು ಮನೆಗೆ ಬಂದಿದ್ದು.

ಈ ತಿಂಗಳ ಮೊಡವೆಗೆ ಮಾಡೋದೇನು ಅಂತ ಕೇಳುವವರಿಗೆ ನಾನು ಮೊದಲು ಹೇಳೋದು ಕ್ಯಾಲೆಂಡರ್. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆಯುವ ಅದೇ ಗೋಡೆ ಕ್ಯಾಲೆಂಡರ್ ಸಾಕು. ನಾಲ್ಕು ಜನ ನೋಡ್ತಾರೆ ಅನ್ನೋ ಸಂಕೋಚ ಇದ್ದರೆ ಮೊಬೈಲಿನಲ್ಲಿ. ಮುಟ್ಟಾದ ದಿನಕ್ಕೆ ಒಂದು ಸೊನ್ನೆ, ಹೊಸ ಮೊಡವೆ ಎದ್ದ ದಿನಕ್ಕೆ ಒಂದು ಚುಕ್ಕಿ. ಮೂರು ತಿಂಗಳು ಹೀಗೆ ಮಾಡಿ. ಚುಕ್ಕಿಗಳೆಲ್ಲ ಸೊನ್ನೆಯ ಹಿಂದಿನ ವಾರ ಹತ್ತು ದಿನದಲ್ಲೇ ಗುಂಪುಗೂಡಿದ್ದರೆ ಅದು ಚಕ್ರದ ಮೊಡವೆ. ತಿಂಗಳಿಡೀ ಚೆಲ್ಲಿದ್ದರೆ ಬೇರೆ ಕಾರಣ ಹುಡುಕಬೇಕು: ತಲೆಗೆ ಹಚ್ಚುವ ಎಣ್ಣೆ, ಹೊಸ ಕ್ರೀಮು, ತೆಗೆದುಕೊಳ್ಳುತ್ತಿರುವ ಮಾತ್ರೆ.

ಇನ್ನು ಚಿಕಿತ್ಸೆ. ಇವತ್ತು ಕನ್ನಡಿಯಲ್ಲಿ ಕಂಡ ಮೊಡವೆ ಇವತ್ತಿನದಲ್ಲ. ಚರ್ಮದ ಒಳಗೆ ಆ ರಂಧ್ರ ಕಟ್ಟಲು ಶುರುವಾಗಿ ವಾರಗಳೇ ಆಗಿರುತ್ತವೆ. ಅಂದಮೇಲೆ ಎದ್ದ ಮೊಡವೆಯ ತಲೆಗೆ ಚುಕ್ಕಿ ಇಟ್ಟ ಹಾಗೆ ಮುಲಾಮು ಹಚ್ಚಿದರೆ ಪ್ರಯೋಜನ ಅಷ್ಟಕ್ಕಷ್ಟೇ. ಮೊಡವೆ ಇಲ್ಲದ ಒಳ್ಳೆಯ ದಿನಗಳಲ್ಲೂ, ಅದು ಏಳುವ ಜಾಗಕ್ಕೆಲ್ಲ ತೆಳುವಾಗಿ ಹಚ್ಚಬೇಕು. ನಮ್ಮ ಹುಡುಗಿಯರು ಬಿಡೋದೇ ಇಲ್ಲಿ. ಮುಖ ತಿಳಿಯಾದ ಎರಡನೇ ವಾರ ಟ್ಯೂಬು ಮೂಲೆಗೆ ಹೋಗುತ್ತೆ, ನಾಲ್ಕನೇ ವಾರ ಹುಡುಕಾಟ. ಬೆಂಜಾಯಿಲ್ ಪೆರಾಕ್ಸೈಡ್ 2.5 ಶೇಕಡಾದ್ದೇ ಸಾಕಾಗುತ್ತದೆ, ಹೆಚ್ಚಿನದ್ದು ಹೆಚ್ಚು ಉರಿಸುತ್ತೆ ಅಷ್ಟೆ. ದಿಂಬಿನ ಕವರು, ಟವೆಲು ಬಣ್ಣ ಬಿಡುತ್ತವೆ, ಬಿಳಿಯವನ್ನೇ ಬಳಸಿ. ಅಡಾಪಲೀನ್ ಜೆಲ್ ರಾತ್ರಿ ಹಚ್ಚುವಂಥದ್ದು, ವೈದ್ಯರನ್ನು ಕೇಳಿಯೇ ಶುರು ಮಾಡಿ. ಮೊದಲ ವಾರಗಳಲ್ಲಿ ಚರ್ಮ ಸಿಪ್ಪೆ ಏಳುತ್ತದೆ. ಗರ್ಭಿಣಿಯರು, ಗರ್ಭ ಬಯಸುವವರು ಅದರ ತಂಟೆಗೆ ಹೋಗಬಾರದು. ಎಂಟರಿಂದ ಹನ್ನೆರಡು ವಾರ ಕಾಯದೆ ಯಾವುದರ ಬಗ್ಗೆಯೂ ತೀರ್ಪು ಬೇಡ. ಮೂರು ಚಕ್ರ ಅಂದುಕೊಳ್ಳಿ, ಆಗ ಕ್ಯಾಲೆಂಡರಿನ ಚುಕ್ಕಿ ಕಡಿಮೆಯಾಯಿತೋ ಇಲ್ಲವೋ ಕಣ್ಣಿಗೇ ಕಾಣುತ್ತೆ. ಚಿಕ್ಕಮ್ಮನ ಜಾಯಿಕಾಯಿಗೂ ಇದೇ ಪರೀಕ್ಷೆ ಇಡಿ.

ಮುಖ ತೊಳೆಯೋದು ದಿನಕ್ಕೆ ಎರಡು ಸಲ, ಸೌಮ್ಯವಾದ ಫೇಸ್‌ವಾಶ್‌ನಲ್ಲಿ. ಮೊಡವೆ ಎದ್ದ ವಾರ ಕಡಲೆಹಿಟ್ಟು ಹಾಕಿ ತಿಕ್ಕಿದರೆ ಗಾಯದ ಮೇಲೆ ಉಜ್ಜಿದ ಹಾಗೆ. ಎಣ್ಣೆ ಚರ್ಮ ಅಂತ ಮಾಯಿಶ್ಚರೈಸರ್ ಬಿಡಬೇಡಿ, ಜೆಲ್ ಥರದ್ದು ಹಚ್ಚಿ. ನಮ್ಮ ಕಂದು ಬಣ್ಣದ ಚರ್ಮದಲ್ಲಿ ಮೊಡವೆ ವಾರದಲ್ಲಿ ಹೋದರೂ ಅದರ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಚಿವುಟಿದರೆ ಇನ್ನೂ ಜಾಸ್ತಿ ದಿನ. ಹಾಗಾಗಿ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಮೊಡವೆಯ ಚಿಕಿತ್ಸೆಯ ಭಾಗವೇ ಆಯಿತು. ಥ್ರೆಡಿಂಗ್, ವ್ಯಾಕ್ಸಿಂಗ್ ಮಾಡಿಸುವವರು ಮುಟ್ಟಿನ ಹಿಂದುಮುಂದಿನ ದಿನ ಬಿಟ್ಟು ನಂತರದ ವಾರ ಹೋಗಿ ನೋಡಿ. ಆ ದಿನಗಳಲ್ಲಿ ನೋವು ಜಾಸ್ತಿ ತಾಗುತ್ತೆ ಅಂತ ಬಹಳ ಜನ ಹೇಳುತ್ತಾರೆ. ಅಡಾಪಲೀನ್ ಹಚ್ಚುವವರಂತೂ ಪಾರ್ಲರಿನವರಿಗೆ ಮೊದಲೇ ಹೇಳಬೇಕು, ಮೇಲ್ತುಟಿಯ ಚರ್ಮ ಕಿತ್ತು ಬರುತ್ತದೆ.

ಶ್ರಾವಣ, ಭಾದ್ರಪದ ಬಂದರೆ ಇನ್ನೊಂದು ಕಥೆ. ವರಮಹಾಲಕ್ಷ್ಮಿ ಹಬ್ಬ, ಗೌರಿ ಹಬ್ಬ, ನಡುವೆ ಯಾರದೋ ಗೃಹಪ್ರವೇಶ. ಮುಟ್ಟು ಮುಂದೂಡುವ ಮಾತ್ರೆಗೆ ಮೆಡಿಕಲ್ ಸ್ಟೋರಿನಲ್ಲಿ ಕ್ಯೂ. ಅದರಲ್ಲಿ ಸಾಮಾನ್ಯವಾಗಿ ಇರೋದು ನಾರ್‌ಎಥಿಸ್ಟಿರೋನ್ ಅನ್ನುವ, ಪ್ರೊಜೆಸ್ಟರಾನ್‌ನ ಹಾಗೆ ಕೆಲಸ ಮಾಡುವ ಹಾರ್ಮೋನು. ಅದಕ್ಕೆ ಟೆಸ್ಟೋಸ್ಟಿರಾನ್‌ನ ಗುಣವೂ ಸ್ವಲ್ಪ ಅಂಟಿಕೊಂಡಿದೆ. ಹಬ್ಬ ಮುಗಿದ ವಾರ ಮುಖ ತುಂಬ ಮೊಡವೆ ಎದ್ದರೆ ‘ಹೋಳಿಗೆ ತುಪ್ಪ ಜಾಸ್ತಿ ಆಯ್ತು’ ಅನ್ನುತ್ತೇವೆ. ಹೋಳಿಗೆಗಿಂತ ಮಾತ್ರೆಯ ಮೇಲೆ ನನಗೆ ಅನುಮಾನ ಜಾಸ್ತಿ. ಮೊಡವೆ ಇರಲಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಆ ಮಾತ್ರೆ ಅಪಾಯ. ಅಕ್ಕ ತಗೊಂಡಿದ್ದ ಸ್ಟ್ರಿಪ್ಪಿನಲ್ಲಿ ಉಳಿದದ್ದನ್ನು ತಂಗಿ ನುಂಗೋದಂತೂ ಬೇಡವೇ ಬೇಡ. ದೇವಿಗೆ ಇದರಿಂದ ಬೇಸರ ಆಗುತ್ತೋ ಇಲ್ಲವೋ ಅನ್ನೋ ಚರ್ಚೆ ನಿಮ್ಮ ಮನೆಯಲ್ಲೇ ಮಾಡಿಕೊಳ್ಳಿ. ನನ್ನ ಅಭಿಪ್ರಾಯ ಈ ಅಂಕಣದಲ್ಲಿ ಮೊದಲೇ ಬಂದಾಗಿದೆ, ಬೈಗುಳವೂ ಬಂದಾಗಿದೆ.

ಕ್ಯಾಲೆಂಡರಿನ ಸೊನ್ನೆಗಳನ್ನೂ ಗಮನಿಸಿ ಅಂತ ಒತ್ತಿ ಹೇಳುತ್ತೇನೆ. ಹುಡುಗಿ ದೊಡ್ಡವಳಾದ ಮೊದಲ ಎರಡು ಮೂರು ವರ್ಷ ಹಿಂದೆಮುಂದೆ ಆಗೋದು ಸಹಜ. ಆಮೇಲೂ ಸೊನ್ನೆಗಳ ನಡುವೆ 35 ದಿನಕ್ಕಿಂತ ಹೆಚ್ಚು ಅಂತರ ಬೀಳುತ್ತಿದ್ದರೆ, ಗಲ್ಲದಲ್ಲಿ ಒರಟು ಕೂದಲು ಬರುತ್ತಿದ್ದರೆ, ಮೊಡವೆಯೂ ಬಿಡದಿದ್ದರೆ ಪಿಸಿಒಎಸ್ ಇದೆಯಾ ಅಂತ ಪರೀಕ್ಷೆ ಮಾಡಿಸಬೇಕು. ಕತ್ತಿನ ಹಿಂದೆ ಕಪ್ಪಗೆ, ಮಖಮಲ್ಲಿನ ಹಾಗೆ ದಪ್ಪಗಾಗಿದೆಯಾ ನೋಡಿ. ಎಷ್ಟೋ ಅಮ್ಮಂದಿರು ಅದನ್ನು ಕೊಳೆ ಅಂದುಕೊಂಡು ಸ್ನಾನದ ಮನೆಯಲ್ಲಿ ಮಗಳ ಕತ್ತು ಕೆಂಪಗಾಗುವವರೆಗೆ ಉಜ್ಜುತ್ತಾರೆ. ಅದು ಕೊಳೆಯಲ್ಲ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತು. ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆಯ ಸೂಚನೆಯೂ ಹೌದು. ಉಜ್ಜುವುದರಿಂದ ಇನ್ನಷ್ಟು ಕಪ್ಪಾಗುತ್ತದೆ. ಇಲ್ಲಿ ಚರ್ಮವೈದ್ಯರ ಜೊತೆ ಸ್ತ್ರೀರೋಗ ತಜ್ಞರೂ ಬೇಕು. ರಕ್ತಪರೀಕ್ಷೆ, ಅಗತ್ಯವಿದ್ದರೆ ಸ್ಕ್ಯಾನಿಂಗ್ ಮಾಡಿಸುತ್ತಾರೆ. ಮದುವೆಯಾಗದ ಹುಡುಗಿಯನ್ನು ಸ್ತ್ರೀರೋಗ ತಜ್ಞರ ಹತ್ತಿರ ಕರೆದುಕೊಂಡು ಹೋದರೆ ಜನ ಏನಂತಾರೆ ಅನ್ನುವವರಿಗೆ: ಅಲ್ಲಿ ಕಾಯುವ ಕುರ್ಚಿಯಲ್ಲಿ ಅರ್ಧಕ್ಕರ್ಧ ನಿಮ್ಮ ಮಗಳ ವಯಸ್ಸಿನವರೇ ಕೂತಿರುತ್ತಾರೆ.

ಬಂಗಿನ ಬಗ್ಗೆ ಕೇಳಿದವರೂ ಇದ್ದಾರೆ. ಅದೂ ಹಾರ್ಮೋನು ಮತ್ತು ಬಿಸಿಲು ಕೂಡಿ ಮಾಡುವ ಕೆಲಸ. ಗರ್ಭಿಣಿಯಾದಾಗ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವಾಗ ಹೆಚ್ಚುತ್ತದೆ. ಅದೇ ಮಾತ್ರೆ ಕೆಲವರಿಗೆ ಮೊಡವೆ ಕಡಿಮೆ ಮಾಡುತ್ತೆ ಅನ್ನೋದು ಇನ್ನೊಂದು ವಿಚಿತ್ರ. ಬಂಗು ದೊಡ್ಡ ವಿಷಯ, ಅದಕ್ಕೆ ಒಂದು ಇಡೀ ಅಂಕಣವೇ ಬೇಕು.

ಕೊನೆಗೆ, ಪತ್ರ ಬರೆಯುವ ಅಮ್ಮಂದಿರು ತಮ್ಮ ಚರ್ಮದ ಬಗ್ಗೆ ಏನೂ ಕೇಳುವುದೇ ಇಲ್ಲ. ನಲವತ್ತೈದು ದಾಟಿ ಮುಟ್ಟು ಹಿಂದೆಮುಂದೆ ಆಗಲು ಶುರುವಾದಾಗ ಈಸ್ಟ್ರೋಜನ್ನಿನ ಗುಡ್ಡವೇ ಕರಗುತ್ತಾ ಬರುತ್ತದೆ. ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಚರ್ಮದ ಕೊಲಾಜೆನ್ ಸುಮಾರು 30 ಶೇಕಡಾ ಕಡಿಮೆಯಾಗುತ್ತದೆ. ಸ್ನಾನ ಮಾಡಿ ಬಂದರೆ ಕಾಲು, ಕೈ ಬಿಗಿದು ತುರಿಸುವುದು ಅದಕ್ಕೇ. ಮಗಳ ಎಣ್ಣೆ ಚರ್ಮಕ್ಕೆ ಅಂತ ತಂದ ಫೇಸ್‌ವಾಶ್ ಬಚ್ಚಲಿನಲ್ಲಿ ಇದೆಯಲ್ಲ ಅಂತ ನೀವೂ ಅದರಲ್ಲೇ ತೊಳೆದುಕೊಂಡರೆ ಇನ್ನಷ್ಟು ಒಣಗುತ್ತದೆ. ನಿಮಗೆ ಬೇಕಾದ್ದು ದಪ್ಪನೆಯ, ವಾಸನೆಯಿಲ್ಲದ ಮಾಯಿಶ್ಚರೈಸರ್. ಸ್ನಾನವಾದ ಮೂರು ನಾಲ್ಕು ನಿಮಿಷದೊಳಗೆ, ಮೈ ಇನ್ನೂ ಹಸಿಯಾಗಿರುವಾಗಲೇ ಹಚ್ಚಿಕೊಳ್ಳಿ. ತುಂಬ ಬಿಸಿ ನೀರು ಬೇಡ. ಮನೆಯಲ್ಲಿ ಒಂದೇ ಡಬ್ಬಿ ಇದ್ದರೆ ಇನ್ನೊಂದು ತಂದಿಟ್ಟುಕೊಳ್ಳಿ, ಖರ್ಚು ಅಂತ ಲೆಕ್ಕ ಹಾಕಬೇಡಿ.